ಶತಾಯುಷಿಯೊಬ್ಬರ ಹೈಸ್ಕೂಲು ಪ್ರೇಮ

1901ರಲ್ಲಿ ಷಿಕಾಗೊದಲ್ಲಿ ಹುಟ್ಟಿ, 1918ರ ಇನ್‌ಫ್ಲುಯೆಂಜಾ ಮಾರಿಗೆ ಸಿಕ್ಕಿ ಸಾಯಲಿದ್ದಾಗ ವೈದ್ಯರೊಬ್ಬರು ಕಚ್ಚಿದ ಪುಣ್ಯದಿಂದ ರಕ್ತಪಿಶಾಚಿಯಾಗಿ ಉಳಿದುಕೊಂಡ ಎಡ್ವರ್ಡ್ ಕಲೆನ್ ಎಂಬ ಮಹನೀಯರು, ವೈದ್ಯಕೀಯದಲ್ಲಿ ಎರಡು ಪದವಿಗಳನ್ನು ಸಂಪಾದಿಸಿದ ಮೇಲೂ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಮಳೆಯೂರಿನ ಹೈಸ್ಕೂಲಿಗೆ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಸೇರಿ, ಹದಿನೇಳು ವರ್ಷದ ಬೆಲ್ಲಾ ಸ್ವಾನ್ ಎಂಬ ಹುಡುಗಿಯಲ್ಲಿ ಅನುರಕ್ತರಾಗುತ್ತಾರೆ. ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’ ಕಾದಂಬರಿಯ ಸಾರಾಂಶ ಇಷ್ಟೇ. 2008ರ ಹೊತ್ತಿಗೆ ಅದು ನಾಲ್ಕು ಸಂಪುಟಗಳಾಗಿ ಬೆಳೆಯಿತು. ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಲೋಕದ ತುಂಬ ಮಾರಾಟವಾದವು. ನಮ್ಮಲ್ಲಿಯೂ ಪಿಯುಸಿ ಗೈಡಿನ ಮಡಿಕೆಯೊಳಗೆ ಆ ಕಪ್ಪು ರಕ್ಷಾಪುಟದ ಕೆಂಪು ಸೇಬನ್ನು ಅಡಗಿಸಿಕೊಂಡು ಓದಿದ ತಲೆಮಾರೊಂದಿದೆ. ಆ ತಲೆಮಾರಿಗೆ ಈಗ ಮೂವತ್ತು ದಾಟಿದ್ದು, ಅದೇ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡು ನಿಟ್ಟುಸಿರುಬಿಡುವುದು ಸದ್ಯದ ಫ್ಯಾಷನ್ ಆಗಿದೆ. ನಾನೂ ಎತ್ತಿಕೊಂಡೆ. ಆಗ ಎಡ್ವರ್ಡರನ್ನು ಏಕವಚನದಲ್ಲಿ ಪ್ರೀತಿಸಿದ್ದುಂಟು. ಈಗ ನೂರು ದಾಟಿದವರ ಬಗ್ಗೆ ಹಾಗೆ ಮಾತನಾಡಲು ನಾಲಗೆ ಬರುತ್ತಿಲ್ಲ.

ಈ ಇಳಿವಯಸ್ಸಿನಲ್ಲಿ ಹೈಸ್ಕೂಲು ಏಕೆ ಎಂಬ ಪ್ರಶ್ನೆಗೆ ಕಾದಂಬರಿಯಲ್ಲಿಯೇ ಉತ್ತರವಿದೆ. ಎಷ್ಟು ಚಿಕ್ಕವರೆಂದು ಹೇಳಿಕೊಂಡು ಊರಿಗೆ ಬರುತ್ತಾರೋ, ಅಷ್ಟು ಹೆಚ್ಚು ವರ್ಷ ಯಾರಿಗೂ ಅನುಮಾನ ಬಾರದಂತೆ ಅಲ್ಲಿ ಇರಬಹುದಂತೆ. ಅಂಚೆ ಶಿಕ್ಷಣಕ್ಕೆ ಹೆಸರು ಹಚ್ಚಿಸಿ ಮನೆಯಲ್ಲೇ ಕೂರಬಹುದಿತ್ತಲ್ಲ ಎಂದು ಯಾರೂ ಕೇಳುವುದಿಲ್ಲ. ಬಿಸಿಲು ಬಿದ್ದ ದಿನ ಅವರ ಚರ್ಮ ವಜ್ರದಂತೆ ಮಿನುಗುವುದರಿಂದ ಅಂದು ಇಡೀ ಕುಟುಂಬ ಶಾಲೆಗೆ ಗೈರುಹಾಜರಾಗುತ್ತದೆ, ಮತ್ತು ಕಾಡಿನಲ್ಲಿ ಚಾರಣಕ್ಕೆ ಹೋಗಿದ್ದೆವು ಎಂಬ ಕಾರಣವನ್ನು ಶಾಲೆ ಮರುಮಾತಿಲ್ಲದೆ ಒಪ್ಪುತ್ತದೆ. ಮೊದಲ ಮಾತುಕತೆ ನಡೆಯುವುದು ಜೀವಶಾಸ್ತ್ರದ ತರಗತಿಯಲ್ಲಿ. ಈರುಳ್ಳಿ ಬೇರಿನ ತುದಿಯ ಕೋಶಗಳ ಸ್ಲೈಡುಗಳನ್ನು ಕೊಟ್ಟ ಮೇಷ್ಟರು, ಕೋಶವಿಭಜನೆಯ ಹಂತಗಳನ್ನು ಪುಸ್ತಕ ನೋಡದೆ ಗುರುತಿಸಬೇಕೆಂದು ಹೇಳುತ್ತಾರೆ. ಬೆಲ್ಲಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ‘ಪ್ರೊಫೇಸ್’ ಎನ್ನುತ್ತಾಳೆ. ಎರಡು ವೈದ್ಯಕೀಯ ಪದವಿಗಳ ಒಡೆಯರು ತಾವೂ ಒಮ್ಮೆ ಇಣುಕಿ, ಹೌದು, ಪ್ರೊಫೇಸೇ ಎಂದು ಅನುಮೋದಿಸುತ್ತಾರೆ. ಮುಂದಿನ ಸ್ಲೈಡನ್ನು ಸ್ವತಃ ಪರೀಕ್ಷಿಸಿ ‘ಅನಫೇಸ್’ ಎಂದು ಬರೆಯುತ್ತಾರೆ. ಹದಿನೇಳರಲ್ಲಿ ಈ ದೃಶ್ಯಕ್ಕೆ ಎದೆ ಢವಢವ ಎಂದಿತ್ತು. ಈಗ ಓದಿದರೆ, ನಿವೃತ್ತ ಪ್ರಾಧ್ಯಾಪಕರೊಬ್ಬರು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತು ಊರಿಗೇ ಮೊದಲಿಗರಾದಂತೆ ಕಾಣುತ್ತದೆ, ಹಿಂದಿನ ಬೆಂಚಿನಲ್ಲಿ ಪ್ರಾಮಾಣಿಕವಾಗಿ ತಡಕಾಡುತ್ತಿದ್ದ ಮಕ್ಕಳ ಮೇಲೆ ಕನಿಕರ ಹುಟ್ಟುತ್ತದೆ.

ಮಹನೀಯರ ರಾತ್ರಿಯ ದಿನಚರಿ ಇದಕ್ಕಿಂತ ಗಂಭೀರವಾದುದು. ಹುಡುಗಿಗೆ ತಿಳಿಯದಂತೆ ಅವಳ ಮನೆಗೆ ನುಗ್ಗಿ, ಬಹುತೇಕ ಪ್ರತಿ ರಾತ್ರಿಯೂ ಅವಳು ಮಲಗಿರುವುದನ್ನು ನೋಡುತ್ತ ಕೂತಿರುತ್ತಿದ್ದುದಾಗಿ ಅವರೇ ಒಪ್ಪಿಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ಮಲಗಿರುವ ಅವಳ ತಂದೆ ಚಾರ್ಲಿ ಆ ಊರಿನ ಪೊಲೀಸ್ ಮುಖ್ಯಸ್ಥ ಎಂಬುದು ಕಥೆಯ ಸೊಗಸು. ವಿಷಯ ತಿಳಿದಾಗ ಬೆಲ್ಲಾಳನ್ನು ಕಾಡುವ ಚಿಂತೆ ಒಂದೇ: ನಿದ್ದೆಯಲ್ಲಿ ತಾನು ಏನೇನು ಬಡಬಡಿಸಿದೆನೋ. ಹೆಣ್ಣುಮಕ್ಕಳ ಬೆನ್ನು ಬೀಳುವವರಿಗಾಗಿ ನಮ್ಮ ದೇಶದ ದಂಡಸಂಹಿತೆಯಲ್ಲಿ 2013ರಲ್ಲಿ ಪ್ರತ್ಯೇಕ ಕಲಮನ್ನೇ ಸೇರಿಸಬೇಕಾಯಿತು; ಆ ಹೊತ್ತಿಗೆ ಇಲ್ಲಿನ ಹುಡುಗಿಯರು ಅದನ್ನೇ ಪ್ರೇಮದ ಪರಾಕಾಷ್ಠೆಯೆಂದು ಓದಿ ಮುಗಿಸಿದ್ದರು.

ಚಾರ್ಲಿ ಮಾತ್ರ ತನ್ನ ಕರ್ತವ್ಯ ಮರೆತವನಲ್ಲ. ಮಗಳು ರಾತ್ರಿ ಕದ್ದು ಹೊರಟಾಳೆಂಬ ಗುಮಾನಿಯಿಂದ ಅವನು ಅವಳ ಹಳೆಯ ಟ್ರಕ್ಕಿನ ಬ್ಯಾಟರಿ ತಂತಿಗಳನ್ನು ಕಳಚಿಟ್ಟು, ಬೆಳಗ್ಗೆ ಮತ್ತೆ ಜೋಡಿಸಿ ಕೆಲಸಕ್ಕೆ ಹೋಗುತ್ತಾನೆ. ಯಾರ ಬಳಿ ಅವಳು ಓಡಿಹೋಗಬಾರದೆಂದು ಅಷ್ಟೆಲ್ಲ ಮಾಡಿದನೋ, ಅವರು ಮಾಳಿಗೆಯ ಕೋಣೆಯಲ್ಲಿ ರಾತ್ರಿಯಿಡೀ ಆರಾಮವಾಗಿದ್ದು, ಬೆಳಗಾಗುತ್ತಲೇ ಈ ಏರ್ಪಾಡು ಬಹಳ ದುರ್ಬಲವಾಯಿತೆಂದು ಟೀಕೆಯನ್ನೂ ಮಾಡುತ್ತಾರೆ. ತಂದೆಯ ಈ ಕೆಲಸಕ್ಕೆ ಓದುಗರು ನಕ್ಕರು. 2007ರ ಮೂರನೆಯ ಸಂಪುಟದಲ್ಲಿ, ಬೆಲ್ಲಾ ತನ್ನ ಗೆಳೆಯ ಜೇಕಬ್‌ನನ್ನು ನೋಡಲು ಹೊರಟಾಗ ಟ್ರಕ್ಕು ಮತ್ತೆ ಕದಲುವುದಿಲ್ಲ. ತಿರುಗಿ ನೋಡಿದರೆ ಮಹನೀಯರು ಪಕ್ಕದ ಸೀಟಿನಲ್ಲಿ ಕೂತು, ಬಿಚ್ಚಿದ ಎಂಜಿನ್ನಿನ ಪುಟ್ಟ ಬಿಡಿಭಾಗವೊಂದನ್ನು ಬೆರಳುಗಳಲ್ಲಿ ಆಡಿಸುತ್ತಿರುತ್ತಾರೆ, ಶಾಲೆಯ ಹೊತ್ತಿಗೆ ಜೋಡಿಸಿಕೊಡುವುದಾಗಿ ಆಶ್ವಾಸನೆಯನ್ನೂ ಕೊಡುತ್ತಾರೆ. ಆಮೇಲೆ ಅವಳನ್ನು ಮನೆಯಲ್ಲಿ ಕಾವಲಿಡುವುದಕ್ಕಾಗಿ ತಂಗಿ ಆಲಿಸ್‌ಗೆ ಹಳದಿ ಪೋರ್ಷೆ ಕಾರನ್ನು ಲಂಚವಾಗಿ ಕೊಡುತ್ತಾರೆ. ತಂದೆ ತಂತಿ ಕಳಚಿದರೆ ಹಳೆಯ ಕಾಲದ ದಬ್ಬಾಳಿಕೆ, ಪ್ರಿಯಕರ ಎಂಜಿನ್ ಬಿಚ್ಚಿದರೆ ಕಾಳಜಿ ಎಂಬ ನ್ಯಾಯವನ್ನು ಹದಿನೇಳರಲ್ಲಿ ನಾವು ಸರ್ವಾನುಮತದಿಂದ ಅಂಗೀಕರಿಸಿದ್ದೆವು. ಈಗಿನ ಓದಿನಲ್ಲಿ ನನಗೆ ಆಪ್ತನಾಗಿ ಉಳಿದವನು ಚಾರ್ಲಿಯೊಬ್ಬನೇ. ಮೀಸೆಯ ಪೊಲೀಸಿನವನ ಮೇಲೆ ಇಂಥ ಒಲವು ಹುಟ್ಟುವುದೇ ವಯಸ್ಸಾದ ಲಕ್ಷಣವಿದ್ದೀತು.

ಆಕ್ಷೇಪಗಳು ಲೇಖಕಿಯ ಕಿವಿಗೂ ಬಿದ್ದವು. ಬೆಲ್ಲಾ ಅಬಲೆಯೆಂಬ ದೂರಿಗೆ ಉತ್ತರವಾಗಿ 2015ರಲ್ಲಿ ಹುಡುಗನನ್ನು ಹುಡುಗಿಯಾಗಿಯೂ ಹುಡುಗಿಯನ್ನು ಹುಡುಗನಾಗಿಯೂ ಬದಲಿಸಿ ಅದೇ ಕಥೆಯನ್ನು ಮತ್ತೆ ಅಚ್ಚು ಹಾಕಲಾಯಿತು. 2020ರಲ್ಲಿ ಅದೇ ಕಥೆ ಮಹನೀಯರ ದೃಷ್ಟಿಯಿಂದ ಆರುನೂರಕ್ಕೂ ಹೆಚ್ಚು ಪುಟಗಳಲ್ಲಿ ಬಂದಿತು. ಕಿಟಕಿಯ ಚೌಕಟ್ಟು ಕಿರುಗುಟ್ಟಿತೆಂದು ಅವರಿಗಾದ ಕಸಿವಿಸಿ ಅದರಲ್ಲಿ ವಿವರವಾಗಿದೆ. ನುಗ್ಗಿದ್ದರ ಬಗೆಗೂ ಬೇಸರವುಂಟು, ಆದರೆ ಮರುರಾತ್ರಿಯ ಭೇಟಿ ಮಾತ್ರ ತಪ್ಪುವುದಿಲ್ಲ.

ಇದೆಲ್ಲ ಪುಸ್ತಕದೊಳಗೇ ಇದ್ದಿದ್ದರೆ ಹದಿಹರೆಯದ ಕನಸೆಂದು ಬಿಡಬಹುದಿತ್ತು. ಫೋರ್ಕ್ಸ್ ಪಟ್ಟಣದ ಹಿರಿಯರು ಬಿಡಲಿಲ್ಲ. ಮರ ಕಡಿದು ಬದುಕುತ್ತಿದ್ದ ಆ ಊರಿಗೆ, ಅದೇ ಕಾಡುಗಳಲ್ಲಿ ವಾಸಿಸುವ ಚುಕ್ಕೆ ಗೂಬೆಯನ್ನು 1990ರಲ್ಲಿ ಅಳಿವಿನಂಚಿನ ಜೀವಿಗಳ ಕಾನೂನಿನ ರಕ್ಷಣೆಗೆ ಸೇರಿಸಿದ ಮೇಲೆ ಕಸುಬು ಸೊರಗಿತ್ತು. ಅಮೆರಿಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಯಾವುದೆಂದು ಲೇಖಕಿ ಗೂಗಲ್‌ನಲ್ಲಿ ಹುಡುಕಿದ್ದೇ ಅದರ ಅದೃಷ್ಟವಾಯಿತು. ಈಗ ಬೆಲ್ಲಾಳ ಹುಟ್ಟುಹಬ್ಬವಾದ ಸೆಪ್ಟೆಂಬರ್ 13ರ ಆಸುಪಾಸಿನಲ್ಲಿ ಉತ್ಸವ ನಡೆಯುತ್ತದೆ, ಪ್ರವಾಸಿ ಮಾಹಿತಿ ಕೇಂದ್ರದ ಮುಂದೆ ಅವಳದೆಂದು ಹೇಳುವ ಕೆಂಪು ಟ್ರಕ್ಕು ನಿಂತಿದೆ. ಊರಿನ ಆಸ್ಪತ್ರೆಯಲ್ಲಂತೂ ಎಡ್ವರ್ಡರ ಸಾಕುತಂದೆ ಡಾಕ್ಟರ್ ಕಲೆನ್ ಅವರ ಕಾರಿಗಾಗಿಯೇ ಜಾಗ ಕಾಯ್ದಿರಿಸಿ ಫಲಕ ನೆಟ್ಟಿದ್ದಾರೆ. ಹೆಸರು ಫಲಕದಲ್ಲಿದ್ದು ವೈದ್ಯರು ಇಲ್ಲದಿರುವುದು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸತಲ್ಲವಾದರೂ, ಅದನ್ನು ನೋಡಲು ಜನ ದುಡ್ಡು ಖರ್ಚು ಮಾಡಿ ಬರುವಂತೆ ಮಾಡುವ ಕಲೆ ನಮಗಿನ್ನೂ ಸಿದ್ಧಿಸಿಲ್ಲ.

ಅಲ್ಲಿಂದ ಸ್ವಲ್ಪ ದೂರದ ಲಾ ಪುಷ್‌ನಲ್ಲಿ ಕ್ವಿಲಿಯೂಟ್ ಬುಡಕಟ್ಟಿನವರಿದ್ದಾರೆ. ತೋಳಗಳಿಂದ ತಾವು ಹುಟ್ಟಿದೆವೆಂಬ ಅವರ ಪುರಾಣವನ್ನು ಎತ್ತಿಕೊಂಡ ಕಾದಂಬರಿ ಅವರನ್ನು ತೋಳಮಾನವರನ್ನಾಗಿ ಮಾಡಿತು. ಅವರ ಹೆಸರಿನ ಸರಕುಗಳು ಎಲ್ಲೆಲ್ಲೋ ಮಾರಾಟವಾದವು. 1889ರಲ್ಲಿ ಅವರ ಪಾಲಿಗೆ ಗೊತ್ತುಮಾಡಿದ್ದು ಸುಮಾರು ಒಂದು ಚದರ ಮೈಲಿ ಕಡಲಂಚು. ಸುನಾಮಿ ಬಂದರೆ ಮುಳುಗುವ ಆ ಜಾಗದಿಂದ ಎತ್ತರಕ್ಕೆ ಹೋಗಲು ಬೇಕಾದ ನೆಲ, ಅಮೆರಿಕದ ಸಂಸತ್ತು ಕಾನೂನು ಮಾಡಿದ 2012ರವರೆಗೆ ಅವರಿಗೆ ಸಿಕ್ಕಿರಲಿಲ್ಲ. ಕಾದಂಬರಿಯಲ್ಲಾದರೋ, ಬಿಳಿಚಿದ ಮೈಯ ರಕ್ತಪಿಶಾಚಿಗಳು ಈ ಬುಡಕಟ್ಟಿನೊಂದಿಗೆ ನೆಲದ ಗಡಿಯ ಬಗ್ಗೆ ಒಪ್ಪಂದ ಮಾಡಿಕೊಂಡು, ದಶಕಗಳ ಕಾಲ ಅದರಂತೆಯೇ ನಡೆದುಕೊಳ್ಳುತ್ತಾರೆ. ಮಿನುಗುವ ಚರ್ಮವನ್ನು ನಂಬಿದ್ದ ನನಗೂ ಈ ಭಾಗವನ್ನು ನಂಬುವುದು ಕಷ್ಟವಾಯಿತು. ಆ ಗಡಿ ಎಲ್ಲಿತ್ತೆಂದು ತೋರಿಸುವ ಫಲಕವೊಂದು ಈಗ ಅಲ್ಲಿನ ರಸ್ತೆಬದಿಯಲ್ಲಿದೆ. ಇಲ್ಲಿಂದ ಮುಂದೆ ರಕ್ತಪಿಶಾಚಿಗಳಿಗೆ ಪ್ರವೇಶವಿಲ್ಲವೆಂದು ಬರೆದಿರುವುದರಿಂದ ಪ್ರವಾಸಿಗಳು ಧೈರ್ಯವಾಗಿ ಫೋಟೊ ತೆಗೆಸಿಕೊಂಡು ಮುಂದುವರಿಯುತ್ತಾರೆ.