ರಕ್ತದಾಗ ಸಿಕ್ಕ ಗುರುತು ರೋಗದ್ದೋ, ಬೀಡಿದ್ದೋ?

"ರಕ್ತ ತಪಾಸಣಿ ಮಾಡಿಸಿದ್ರ ಸ್ಕಿಜೋಫ್ರೇನಿಯಾ ಗೊತ್ತಾಗ್ತದಂತ, ಖರೇನ್ರಿ?" ಗಾಣಗಾಪುರದ ಮಧ್ಯಾಹ್ನದ ಆರತಿ ಮುಗಿಸಿಕೊಂಡು ದವಾಖಾನೆಗೆ ಬರುವ ಮನೆಮಂದಿ ಕೇಳುವ ಪ್ರಶ್ನೆ ಇದು. ಇಲ್ಲ. ರೋಗಿಯನ್ನು ಮಾತಾಡಿಸಿ, ಎಷ್ಟು ತಿಂಗಳಿಂದ ಹೀಗಿದೆ ಎಂದು ಮನೆಯವರನ್ನು ಕೇಳಿಯೇ ಇವತ್ತಿಗೂ ಈ ಮನೋರೋಗ ಗುರುತಿಸುವುದು. ಡಾಕ್ಟರು ರಕ್ತ ಬರೆದುಕೊಟ್ಟರೆ ಅದು ಥೈರಾಯ್ಡ್, ಬಿ12 ಕೊರತೆಯಂಥ ಬೇರೆ ಕಾರಣ ಇದೆಯೇ ಎಂದು ನೋಡಲು, ಇಲ್ಲವೇ ಈ ರೋಗಕ್ಕೆ ಕೊಡುವ ಕ್ಲೋಜಪಿನ್ ಗುಳಿಗೆ ನುಂಗುವವರ ಬಿಳಿ ರಕ್ತಕಣ ಎಣಿಸಲು.

ಹಾಗಂತ ಹುಡುಕಾಟವೇ ಸುಳ್ಳಲ್ಲ. ಬದುಕಿರುವವರ ಮೆದುಳಿನ ತುಣುಕು ತೆಗೆಯಲಾಗದು, ರಕ್ತ ಸುಲಭಕ್ಕೆ ಸಿಗುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅದರ ಆರ್‌ಎನ್‌ಎ ಪ್ರತಿಗಳನ್ನು ಎಣಿಸಿ ಹೇಳಬಹುದು. 2005ರಲ್ಲಿ ಗ್ಲಾಟ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲೂ, ತೀರಿಹೋದವರ ಮೆದುಳಿನ ಮುಂಭಾಗದಲ್ಲೂ ಸೆಲೆನ್‌ಬಿಪಿ1 ಎಂಬ ಜೀನ್ ಏರಿದ್ದನ್ನು ತೋರಿಸಿದಾಗ ಎಲ್ಲರ ಕಿವಿ ನೆಟ್ಟಗಾಯಿತು.

ತೊಡಕು ಏನೆಂದರೆ, ರಕ್ತದಲ್ಲಿ ಆ ಜೀನ್ ಜೋರಾಗಿ ಕಾಣುವುದು ಕೆಂಪು ಕಣಗಳ ಸಂತತಿಯಲ್ಲಿ. ನಮ್ಮ ಕಲಬುರಗಿ, ಯಾದಗಿರಿ ಕಡೆ ರಕ್ತಹೀನತೆ ಮನೆಮನೆಯ ಮಾತು. ಕಬ್ಬಿಣದ ಗುಳಿಗೆ ಶುರು ಮಾಡಿದ ವಾರ ಹತ್ತು ದಿನದಲ್ಲಿ ಎಳೆಯ ಕೆಂಪು ಕಣ, ಅಂದರೆ ರೆಟಿಕ್ಯುಲೋಸೈಟ್, ಏರುತ್ತವೆ. ಅವುಗಳ ಆರ್‌ಎನ್‌ಎಯೂ ಏರುತ್ತದೆ. ನೀವು ಕಂಡದ್ದು ಮನಸ್ಸಿನ ರೋಗವೋ, ಕಬ್ಬಿಣದ ಗುಳಿಗೆಯೋ? ಅದಕ್ಕೇ ಪ್ರತಿ ಸ್ಯಾಂಪಲ್ ಜೊತೆ ಅದೇ ದಿನದ ಸಿಬಿಸಿ (ಎಲ್ಲ ರಕ್ತಕಣಗಳ ಎಣಿಕೆ) ಮತ್ತು ರೆಟಿಕ್ ಎಣಿಕೆ ಇರಲೇಬೇಕು. ಅದಿಲ್ಲದ ಅಧ್ಯಯನವನ್ನು ನಾನಂತೂ ನಂಬುವುದಿಲ್ಲ.

ಬೀಡಿಯದು ಇನ್ನೂ ದೊಡ್ಡ ಕಾಟ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಹೊಗೆ ಸೇದುವವರು ಹೆಚ್ಚು. ಸೇದುವವರ ರಕ್ತದಲ್ಲಿ ಜಿಪಿಆರ್15, ಎಲ್‌ಆರ್‌ಆರ್‌ಎನ್3 ಜೀನ್‌ಗಳು ಏರಿರುತ್ತವೆ. ಸೇದದ ನರ್ಸಿಂಗ್ ವಿದ್ಯಾರ್ಥಿಗಳನ್ನು ಕರೆತಂದು 'ಆರೋಗ್ಯವಂತರ ಗುಂಪು' ಎಂದು ಕೂರಿಸಿದರೆ ಸಿಗುವುದು ಬೀಡಿಯ ಗುರುತೇ. ಅದರ ಮೇಲೆ ರೋಗದ ಗುಳಿಗೆ, ತೂಕ, ಸಕ್ಕರೆ ಕಾಯಿಲೆಯ ಗೊಂದಲ. ಹೀಗಾಗಿ ಇನ್ನೂ ಗುಳಿಗೆ ಶುರುವಾಗದ, ಮೊದಲ ಬಾರಿಗೆ ಕಾಯಿಲೆ ಬಿದ್ದವರ ರಕ್ತವೇ ಬಂಗಾರ. ಹೊತ್ತೂ ಒಂದೇ ಇರಲಿ, ಬೆಳಿಗ್ಗೆ 7ರಿಂದ 9, ಬರಿ ಹೊಟ್ಟೆ; ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಂತೆ ಎಫ್‌ಕೆಬಿಪಿ5ರಂಥ ಜೀನ್‌ಗಳೂ ಬದಲಾಗುತ್ತವೆ.

ಈಗ ಟ್ಯೂಬಿನ ವಿಷಯ. ಮಾಮೂಲಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಬಿಟ್ಟರೆ ಕಣಗಳು ಬದುಕೇ ಇರುತ್ತವೆ, ಹೊಸ ಆರ್‌ಎನ್‌ಎ ಮಾಡುತ್ತಲೇ ಹೋಗುತ್ತವೆ. ಪ್ಯಾಕ್ಸ್‌ಜೀನ್ ಟ್ಯೂಬ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಅದಕ್ಕೆ ರಕ್ತ 2.5 ಮಿ.ಲೀ. ಬೇಕು, ಒಳಗೆ 6.9 ಮಿ.ಲೀ. ದ್ರಾವಣ ಇರುತ್ತದೆ. ಎಲ್ಲಾ ಟ್ಯೂಬ್ ಆದಮೇಲೆ ಕೊನೆಗೆ ಇದನ್ನು ತುಂಬಿಸಬೇಕು. ಅವಸರ ಮಾಡಿ ಅರ್ಧಕ್ಕೆ ಕಿತ್ತರೆ ಅನುಪಾತ ಕೆಡುತ್ತದೆ. ತಕ್ಷಣ 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕನಿಷ್ಠ 2 ತಾಸು ಹಾಗೇ ಬಿಡಬೇಕು. ಕೋಣೆಯ ಉಷ್ಣತೆಯಲ್ಲಿ 3 ದಿನ ಇರುತ್ತದೆ ಎಂದು ಬರೆದಿರುತ್ತದೆ, ಆದರೆ ಆ 'ಕೋಣೆ' 18ರಿಂದ 25 ಡಿಗ್ರಿಯದು. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮೂರಿನದಲ್ಲ! ಬೆಂಗಳೂರಿಗೆ ರಾತ್ರಿ ರೈಲಿಗೆ ಕಳಿಸುವುದಾದರೆ ಐಸ್ ಪ್ಯಾಕ್ ಹಾಕಿದ ಲಸಿಕೆ ಡಬ್ಬಿಯಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, 5 ದಿನ ತಡೆಯುತ್ತದೆ. ಇಲ್ಲೇ ಇಡುವುದಾದರೆ ತಂತಿಯ ಸ್ಟ್ಯಾಂಡಿನಲ್ಲಿ ನೇರ ನಿಲ್ಲಿಸಿ ಒಂದು ದಿನ ಮೈನಸ್ 20, ಆಮೇಲೆ ಮೈನಸ್ 80. ಥರ್ಮಾಕೋಲ್ ಸ್ಟ್ಯಾಂಡಿನಲ್ಲಿಟ್ಟರೆ ಟ್ಯೂಬ್ ಬಿರಿಯುತ್ತದೆ.

ಲ್ಯಾಬಿನಲ್ಲಿ ಆರ್‌ಐಎನ್, ಅಂದರೆ ಆರ್‌ಎನ್‌ಎ ಎಷ್ಟು ಕೆಡದೆ ಉಳಿದಿದೆ ಎಂದು 10ಕ್ಕೆ ಕೊಡುವ ಅಂಕ, 7ಕ್ಕಿಂತ ಕೆಳಗಿದ್ದರೆ ಆ ಸ್ಯಾಂಪಲ್ ಪಕ್ಕಕ್ಕಿಡಿ. ಹಿಮೋಗ್ಲೋಬಿನ್ ಮಾಡಿಸುವ ಗ್ಲೋಬಿನ್ ಆರ್‌ಎನ್‌ಎ ತೆಗೆಯದಿದ್ದರೆ ಸೀಕ್ವೆನ್ಸಿಂಗಿಗೆ, ಅಂದರೆ ಆರ್‌ಎನ್‌ಎ ಓದಿಸಲು, ಕೊಟ್ಟ ರೊಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋದೀತು. ರೋಗಿಗಳದ್ದೆಲ್ಲ ಸೋಮವಾರ, ಉಳಿದವರದ್ದು ಗುರುವಾರ ಮಾಡಿದರೆ ಸಿಗುವ ಫರಕು ದಿನದ್ದು, ರೋಗದ್ದಲ್ಲ. ಒಂದೇ ಪ್ಲೇಟಿನಲ್ಲಿ ಚೀಟಿ ಎತ್ತಿ ಬೆರೆಸಿ. ಹೆಂಗಸರಲ್ಲಿ ಜೋರಾಗಿ ಕೆಲಸ ಮಾಡುವ ಎಕ್ಸಿಸ್ಟ್ ಜೀನ್ ನೋಡಿ: ಗಂಡಸಿನ ಹೆಸರಿನ ಟ್ಯೂಬಿನಲ್ಲಿ ಅದು ಜೋರಾಗಿದ್ದರೆ ಲೇಬಲ್ ಅದಲುಬದಲಾಗಿದೆ ಎಂದೇ ಮೊದಲ ಅನುಮಾನ.

20,000 ಜೀನ್‌ಗಳನ್ನು 0.05ರ (ಬರೀ ಆಕಸ್ಮಿಕಕ್ಕೆ ನೂರಕ್ಕೆ ಐದು ಸಲ ದಾಟುವಂಥ) ಗೆರೆ ಹಾಕಿ ಜರಡಿ ಹಿಡಿದರೆ ಬರೀ ಅದೃಷ್ಟಕ್ಕೇ ಸುಮಾರು 1,000 ಜೀನ್ ಬೀಳುತ್ತವೆ. ಅವುಗಳಲ್ಲಿ ಚೆಂದದ್ದನ್ನು ಆರಿಸಿ, ಅದೇ ಮಂದಿಯ ಮೇಲೆ ಪರೀಕ್ಷೆ ಮಾಡಿ "95 ಪ್ರತಿಶತ ನಿಖರ" ಅನ್ನುವುದು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದಂತೆ. ಬೇರೆ ಊರಿನ, ಬೇರೆ ಲ್ಯಾಬಿನ ರೋಗಿಗಳಲ್ಲಿ ಅದು ನಿಲ್ಲಬೇಕು. ಅಲ್ಲೇ ಹೆಚ್ಚಿನವು ಬಿದ್ದಿವೆ. 2022ರ ದೊಡ್ಡ ಡಿಎನ್‌ಎ ಅಧ್ಯಯನ ಸ್ಕಿಜೋಫ್ರೇನಿಯಾಕ್ಕೆ ನಂಟಿದೆ ಎಂದು ಗುರುತಿಸಿದ ಡಿಎನ್‌ಎಯ 287 ತಾಣಗಳು ಬೊಟ್ಟು ಮಾಡುವುದೂ ಮುಖ್ಯವಾಗಿ ನರಕೋಶಗಳ ಜೀನ್‌ಗಳತ್ತ, ರಕ್ತಕಣಗಳತ್ತ ಅಲ್ಲ.

ನಾಳೆ ಯಾರಾದರೂ 90 ಪ್ರತಿಶತ ಸರಿಯಿರುವ ಟೆಸ್ಟ್ ತಂದರೂ, ಸಂಬಂಧ ನೋಡುವ ಮೊದಲು ಹುಡುಗ ಹುಡುಗಿಗೆ ಮಾಡಿಸೋಣ ಅನ್ನುವವರು ಈ ಲೆಕ್ಕ ಹಾಕಿ. 1,000 ಮಂದಿಯಲ್ಲಿ 10 ಜನಕ್ಕೆ ರೋಗ ಇದೆ ಅಂದುಕೊಳ್ಳಿ, ಅವರಲ್ಲಿ 9 ಮಂದಿ ಸಿಕ್ಕಿಬೀಳುತ್ತಾರೆ. ರೋಗವಿಲ್ಲದ 990 ಮಂದಿಯಲ್ಲಿ 99 ಜನಕ್ಕೂ ಅದೇ ರಿಪೋರ್ಟ್ ಬರುತ್ತದೆ.