ದಾಳ ಉರುಳುವ ಮೊದಲೇ ಬಿದ್ದ ಹೆಣಗಳು

ಜಾತ್ರೆಯಲ್ಲಿ ಕೊಡಿಸಿದ ಹಸಿರು ಪ್ಲಾಸ್ಟಿಕ್ ಸಿಪಾಯಿಗಳನ್ನು ಮರಳುಗುಡ್ಡೆ ಮೇಲೆ ನಿಲ್ಲಿಸಿ ಗೋಲಿಯಲ್ಲಿ ಹೊಡೆದು ಬೀಳಿಸುತ್ತಿದ್ದ ಹುಡುಗರಿಗೆ ನಲವತ್ತು ದಾಟಿದ ಮೇಲೆ ಅದೇ ಚಟ ಮರುಕಳಿಸುವುದುಂಟು. ಈಗಿನ ಸಿಪಾಯಿ ಮಾತ್ರ 28 ಮಿಲಿಮೀಟರ್ ಎತ್ತರ, ಹತ್ತು ತುಂಡಾಗಿ ಬರುತ್ತಾನೆ, ಬಣ್ಣ ನಾವೇ ಬಳಿಯಬೇಕು, ಬೆಲೆಯನ್ನು ಮನೆಯಲ್ಲಿ ಯಾರೂ ಕೇಳಬಾರದು. ತುಮಕೂರಿನಲ್ಲಿ ನಾಲ್ಕು ಜನ ಗೆಳೆಯರು ಸೇರಿ ಮಿನಿಯೇಚರ್ ವಾರ್‌ಗೇಮ್ (ಪುಟ್ಟ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದಾಟ) ಶುರು ಹಚ್ಚುವುದಿದ್ದರೆ ಒಂದು ವಿಷಯ ಗೊತ್ತಿರಲಿ: ಎದುರಾಳಿ ಕೈಯಲ್ಲಿ ಸಾಯುವವರು ಕಡಿಮೆ.

ಬೇಕಾದರೆ ಲೆಕ್ಕ ಹಾಕಿ. ಹತ್ತು ಗುಂಡಿಗೆ ಹತ್ತು ದಾಳ. ಮೂರೋ ಅದಕ್ಕೆ ಮೇಲೋ ಬಿದ್ದರೆ ಗುರಿ ತಾಗಿತು, ಆರೇಳು ತಾಗುತ್ತವೆ. ಅವನ್ನೇ ಮತ್ತೆ ಉರುಳಿಸಿ, ನಾಲ್ಕೋ ಅದಕ್ಕೆ ಮೇಲೋ ಬಿದ್ದರೆ ಗಾಯ, ಉಳಿದವು ಮೂರು. ಆಮೇಲೆ ಎದುರಾಳಿ ತನ್ನ ಸಿಪಾಯಿಗಳ ಕವಚದ ಹೆಸರಿನಲ್ಲಿ ‘ಸೇವ್’ ಎಂಬ ಜೀವ ಉಳಿಸುವ ದಾಳ ಉರುಳಿಸುತ್ತಾನೆ, ಮೂರೋ ಅದಕ್ಕೆ ಮೇಲೋ ಬಿದ್ದರೆ ಸಿಪಾಯಿ ಬದುಕುತ್ತಾನೆ. ಕೊನೆಗೆ ಬೀಳುವುದು ಒಂದೇ ಹೆಣ. ಚೌಕಾಬಾರದಲ್ಲಿ ಒಂದು ಸಲ ಕವಡೆ ಚೆಲ್ಲಿದರೆ ಮುಗಿಯುವ ಕೆಲಸಕ್ಕೆ ಇಲ್ಲಿ ಇಪ್ಪತ್ತು ದಾಳ. ಉಳಿದ ಸೈನ್ಯವೆಲ್ಲ ಹೋಗುವುದು ಅಂಟು, ಸ್ಪ್ರೇ, ಬಿಸಿಲು, ಇರುವೆಗಳ ಪಾಲಿಗೆ.

ಮೊದಲ ಸಾವು ನೇಲ್ ಕಟರ್‌ನಿಂದ. ಸಿಪಾಯಿಯ ತುಂಡುಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವನ್ನು ಕತ್ತರಿಸಲು ಅದೇ ಸಾಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಈಟಿ ಫ್ರಿಜ್ ಅಡಿಗೆ ಹಾರುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಣ್ಣ ಸೈಡ್ ಕಟರ್ ತನ್ನಿ. ಒಂದು ಮಿಲಿಮೀಟರ್ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಲ್ಲಿ ಹೆರೆಯಿರಿ.

ಅಂಟಿನ ಕಥೆ ದೊಡ್ಡದು. ಪಾಲಿಸ್ಟೈರೀನ್ ಸಿಪಾಯಿಗೆ ಪ್ಲಾಸ್ಟಿಕ್ ಸಿಮೆಂಟ್ ಬೇಕು. ಅದು ಎರಡೂ ಮೈಯನ್ನು ಕರಗಿಸಿ ಒಂದಾಗಿಸುತ್ತದೆ. ರೆಸಿನ್, ಲೋಹದ ಮೇಲೆ ಅದು ಕೆಲಸ ಮಾಡದು, ಅಲ್ಲಿಗೆ ಸೂಪರ್ ಗ್ಲೂ. ಈ ಸೂಪರ್ ಗ್ಲೂ ಗಟ್ಟಿಯಾಗುವುದು ತೇವದಿಂದ. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಕೈ ಹಿಡಿದು ಎಷ್ಟು ಹೊತ್ತು ಕೂತರೂ ಅಂಟದೆ ಸತಾಯಿಸುತ್ತದೆ. ಸಿಪಾಯಿಯ ಭುಜಕ್ಕೆ ಹಾ ಎಂದು ಒಮ್ಮೆ ಉಸಿರು ಬಿಟ್ಟು ಒತ್ತಿ. ಮನುಷ್ಯನ ಬೆರಳಿಗೆ ಈ ಉಪಚಾರ ಬೇಡ, ಬೆವರಿರುತ್ತದೆ, ತಕ್ಷಣ ಹಿಡಿಯುತ್ತದೆ. ಬೆರಳಿಗೆ ಸಿಪಾಯಿ ಅಂಟಿಕೊಂಡರೆ ಬಿಸಿ ಸೋಪಿನ ನೀರಿನಲ್ಲಿ ಅದ್ದಿ, ತಾಳ್ಮೆಯಿಂದ ಬಿಡಿಸಿ. ಅವಸರಕ್ಕೆ ನೇಲ್ ಪಾಲಿಶ್ ರಿಮೂವರ್ ಸುರಿದರೆ ಅದರಲ್ಲಿರುವ ಅಸಿಟೋನ್ ಬೆರಳನ್ನು ಬಿಡಿಸುತ್ತದೆ, ಸಿಪಾಯಿಯನ್ನು ಚ್ಯೂಯಿಂಗ್ ಗಮ್ ಮಾಡುತ್ತದೆ.

ಬಣ್ಣಕ್ಕೆ ಮೊದಲು ಹೊಡೆಯುವ ತಳಲೇಪ, ಅಂದರೆ ಪ್ರೈಮರ್, ಸ್ಪ್ರೇ ಮಾಡಲು ತಾರಸಿಯೇ ಗತಿ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, ಒಂದಡಿ ದೂರದಿಂದ, ಚಿಕ್ಕ ಚಿಕ್ಕ ಬೀಸಿನಲ್ಲಿ ಹೊಡೆಯಬೇಕು. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ; ರಾವುತನ ಮುಖ ಉಪ್ಪುಕಾಗದ. ಮಳೆಗಾಲದಲ್ಲಿ ಹೊಡೆದರೆ ತೇವ ಸೇರಿ ಹಾಲುಬಿಳಿ ಮಬ್ಬು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಸರಿಯಾದ ಹೊತ್ತು. ದುರದೃಷ್ಟಕ್ಕೆ ಸಂಡಿಗೆ ಇಡುವವರಿಗೂ ಅದೇ ಸರಿಯಾದ ಹೊತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿಕೊಳ್ಳಿ. ಬೂದು ಬಣ್ಣದ ಸಂಡಿಗೆಯನ್ನು ರಾಗಿ ಸಂಡಿಗೆ ಅಂತ ದಾಟಿಸಲು ಬರುವುದಿಲ್ಲ.

ಗುಡ್ಡಕ್ಕೆ ಥರ್ಮೋಕೋಲ್ ಚೆನ್ನ, ಅಗ್ಗ. ಅದರ ಮೇಲೆ ನೇರ ಸ್ಪ್ರೇ ಹೊಡೆದರೆ ಮಾತ್ರ ಮಧುಗಿರಿ ಬೆಟ್ಟ ಎರಡೇ ನಿಮಿಷದಲ್ಲಿ ಕೆರೆಯಾಗುತ್ತದೆ. ಮೊದಲು ಫೆವಿಕಾಲ್‌ಗೆ ಅರ್ಧದಷ್ಟು ನೀರು ಬೆರೆಸಿ ಎರಡು ಸಲ ಬಳಿದು ಒಣಗಿಸಿ, ಬಣ್ಣವನ್ನು ಬ್ರಷ್‌ನಲ್ಲೇ ಹಚ್ಚಿ. ಸಿಪಾಯಿಯ ಕಾಲಡಿಗೆ ಎಂ ಸ್ಯಾಂಡ್ ಸಾಕು, ಚಹಾ ಜಾಲರಿಯಲ್ಲಿ ಸೋಸಿಕೊಳ್ಳಿ (ಹಳೆಯ ಜಾಲರಿ, ದಯವಿಟ್ಟು). ಕಲ್ಲುನೆಲದ ಹಾಗೆ ಕಾಣಲಿ ಎಂದು ರಾಗಿ ಅಂಟಿಸುವ ಜಾಣರಿದ್ದಾರೆ. ನೋಡಲು ನಿಜಕ್ಕೂ ಸೊಗಸು. ಮೂರನೇ ದಿನ ಇರುವೆಗಳ ದಂಡು ಬಂದು ಇಡೀ ರೆಜಿಮೆಂಟನ್ನು ಕಪಾಟಿನ ಮೂಲೆಗೆ ಎಳೆದಿರುತ್ತದೆ. ಎತ್ತರದ ಹುಲ್ಲಿಗೆ ತಿಪಟೂರು ಕಡೆಯ ತೆಂಗಿನ ನಾರು ಒಂದು ಸೆಂಟಿಮೀಟರ್ ಉದ್ದ ಕತ್ತರಿಸಿ ನೆಡಿ, ಈ ಅಳತೆಯಲ್ಲಿ ಅದು ಸಿಪಾಯಿಯ ಮೊಣಕಾಲು ದಾಟುತ್ತದೆ. ಅಂಗಡಿಯ ಹುಲ್ಲಿಗಿಂತ ಎಷ್ಟೋ ಮೇಲು.

ಸೈನ್ಯ ಸಾಗಿಸಲು ಬುಡಕ್ಕೆ 5 ಮಿಲಿಮೀಟರಿನ ಅಯಸ್ಕಾಂತ ಅಂಟಿಸಿ ಡಬ್ಬಿಯಲ್ಲಿ ನಿಲ್ಲಿಸುವುದು ಒಳ್ಳೆಯ ಉಪಾಯ. ಆದರೆ ಅಮ್ಮನ ಸ್ಟೀಲ್ ಡಬ್ಬಿ ಮುಟ್ಟಬೇಡಿ. ಅಯಸ್ಕಾಂತ ಹಿಡಿಯದಿದ್ದರೇ ಒಳ್ಳೆಯ ಸ್ಟೀಲು ಎಂದು ಪಾತ್ರೆ ಅಂಗಡಿಯಲ್ಲಿ ಪರೀಕ್ಷಿಸಿ ತಂದದ್ದು ಅದು. ಮೊದಲ ರೋಡ್ ಹಂಪ್‌ನಲ್ಲೇ ಸೈನ್ಯ ಅಡ್ಡಬೀಳುತ್ತದೆ. ಹಳೆಯ ತಗಡಿನ ಬಿಸ್ಕತ್ ಡಬ್ಬಿ ಹುಡುಕಿ.

ಇನ್ನು ರಣರಂಗ. 1824ರ ಹೊತ್ತಿಗೆ ಜರ್ಮನಿಯ ಪ್ರಶ್ಯ ರಾಜ್ಯದ ಸೈನ್ಯದ ಅಧಿಕಾರಿಗಳು ನಕ್ಷೆ ಹರಡಿ, ದಾಳ ಉರುಳಿಸಿ ಯುದ್ಧ ಕಲಿಯುತ್ತಿದ್ದರು. ಅವರಿಗೆ ಯಾರೂ ಎಂಟೂವರೆಗೆ ಊಟಕ್ಕೆ ಮೇಜು ಬಿಡಿ ಎನ್ನುತ್ತಿರಲಿಲ್ಲ. ನಮಗೆ ಎನ್ನುತ್ತಾರೆ. ಆರಡಿ–ನಾಲ್ಕಡಿ ಪ್ಲೈವುಡ್ಡನ್ನು ಮೂರಡಿ–ನಾಲ್ಕಡಿಯ ಎರಡು ತುಂಡು ಮಾಡಿಸಿ, ಊಟದ ಮೇಜಿನ ಮೇಲೆ ಜಾರದ ಹಾಗೆ ಯೋಗ ಮ್ಯಾಟ್ ಹಾಸಿ ಜೋಡಿಸಿ. ಐದು ಸುತ್ತಿನ ಆಟಕ್ಕೆ ಹೊಸಬರಿಗೆ ಮೂರ್ನಾಲ್ಕು ತಾಸು ಬೇಕು, ಎರಡನೇ ಸುತ್ತಿಗೇ ಒಳಗಿನಿಂದ ಕುಕ್ಕರ್ ಕೂಗುತ್ತದೆ. ಆಗ ಮೇಲಿನಿಂದ ಒಂದು ಫೋಟೊ ತೆಗೆದು, ಹಲಗೆಗೆ ಇಬ್ಬರಂತೆ ಹಿಡಿದು ಸೈನ್ಯ ಸಮೇತ ಮಂಚದ ಕೆಳಗೆ ತಳ್ಳಬಹುದು. ಗುಡ್ಡದ ಮೇಲೆ ಬಾವುಟ ಹಿಡಿದವನನ್ನು ಮೊದಲು ಇಳಿಸಿ, ಮಂಚದ ಪಟ್ಟಿಗೆ ಸಿಗುವವನು ಅವನೇ. ಹಲಗೆಯ ಮೇಲೆ ‘ಗುಡಿಸಬೇಡಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿ. ಪೊರಕೆ ಏಟಿಗೆ ಸೇವ್ ಇಲ್ಲ.