ಅಣಬೆ ಆರಿಸೋ ಮನೇಲಿ ಸುಡೋ ಬ್ಯಾಶ್

ನಿನ್ನೆ ಆಲ್ದೂರಲ್ಲಿ ಅಕ್ಕನ ಮನೇಲಿದ್ದೆ. ಹೊರಗೆ ಜಡಿಮಳೆ. ಅಕ್ಕ ಅಡುಗೆಮನೇಲಿ ಕೂತು ಅಣಬೆ ಒಂದೊಂದನ್ನೇ ತಿರುಗಿಸಿ ನೋಡಿ, ಅನುಮಾನ ಬಂದದ್ದನ್ನ ಆಚೆ ಎಸೀತಿದ್ಲು. ಅವಳ ಸುಪುತ್ರ, ಇಂಜಿನಿಯರಿಂಗ್ ಮೂರನೇ ವರ್ಷ, ಜಗಲೀಲಿ ಕೂತು ಯಾವುದೋ ವೆಬ್‌ಸೈಟಿಂದ ಒಂದು ಸಾಲು ಎತ್ಕೊಂಡು ಟರ್ಮಿನಲ್ಲಿಗೆ ಹಾಕಿದ. ಕರ್ಲ್, ಪೈಪ್, ಸುಡೋ ಬ್ಯಾಶ್. ಅಂದ್ರೆ ನೆಟ್ಟಿಂದ ಸ್ಕ್ರಿಪ್ಟ್ ಅನ್ನೋ ಕಮಾಂಡುಗಳ ಪಟ್ಟಿ ಇಳಿಸಿ, ಅದನ್ನ ನೇರ ಬ್ಯಾಶ್ ಅನ್ನೋ ಪ್ರೋಗ್ರಾಮಿಗೆ ಕೊಟ್ಟು, ಕಂಪ್ಯೂಟರಿನ ಯಜಮಾನನ ಹಕ್ಕಲ್ಲಿ ಓಡಿಸೋದು. ಪಾಸ್‌ವರ್ಡೂ ಕೊಟ್ಟ. ಒಳಗೇನಿದೆ ನೋಡಿದ್ಯೇನೋ ಅಂದ್ರೆ, "ಮಾಮ, ಎಲ್ರೂ ಹಿಂಗೇ ಮಾಡೋದು."

ಎಲ್ರೂ ಅಂತೆ! ಬೇರೆಯವರ ಸರ್ವರ್ ಕಾಯೋದೇ ನನ್ನ ಹೊಟ್ಟೆಪಾಡು ಅಂತ ನಿಮಗೆ ಗೊತ್ತಲ್ಲ, ಅದಕ್ಕೇ ಈ ಉರಿ.

ಅಂಥ ಸ್ಕ್ರಿಪ್ಟ್ ಬರೆದವನು ಕಳ್ಳನೇ ಆಗಿರಬೇಕಿಲ್ಲ. 2011ರಲ್ಲಿ ಬಂಬಲ್‌ಬೀ ಅನ್ನೋ ಗ್ರಾಫಿಕ್ಸ್ ಪ್ರಾಜೆಕ್ಟಿನ ಇನ್‌ಸ್ಟಾಲ್ ಸ್ಕ್ರಿಪ್ಟಲ್ಲಿ, ಅಳಿಸೋ ಸಾಲಲ್ಲಿ, ಒಂದೇ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಮೂಲೇಲಿದ್ದ ಫೋಲ್ಡರ್ ಅಳಿಸೋಕೆ ಹೋಗಿ ಇಡೀ ಯುಎಸ್ಆರ್, ಅಂದ್ರೆ ಸಿಸ್ಟಮ್ಮಿನ ಪ್ರೋಗ್ರಾಮುಗಳು ಇರೋ ಫೋಲ್ಡರನ್ನೇ, ಗುಡಿಸಿ ಹಾಕ್ತು. ಇನ್ನು ಕಳ್ಳರೇ ಬೇಕಂದ್ರೆ 2021. ಕೋಡಿನ ಪರೀಕ್ಷೆ ಎಷ್ಟಾಗಿದೆ ಅಂತ ಅಳೆಯೋ ಕಂಪನಿ ಕೋಡ್‌ಕವ್‌ನವರ ಬ್ಯಾಶ್ ಸ್ಕ್ರಿಪ್ಟನ್ನ ಯಾರೋ ತಿದ್ದಿ, ಜನವರಿ 31ರಿಂದ ಎರಡು ತಿಂಗಳು ಗಿರಾಕಿಗಳ ಪಾಸ್‌ವರ್ಡು, ಕೀ ಎಲ್ಲ ಸಾಗಿಸ್ತಿದ್ರು. ಏಪ್ರಿಲ್ 1ಕ್ಕೆ ಗೊತ್ತಾಗಿದ್ದು ಹೇಗೆ? ಒಬ್ಬ ಗಿರಾಕಿ ಇಳಿಸಿಕೊಂಡ ಫೈಲಿನ ಚೆಕ್‌ಸಮ್ ಅನ್ನೋ ಗುರುತಿನ ಸಂಖ್ಯೆ ತಾಳೆ ಹಾಕಿ ನೋಡಿದ್ದಕ್ಕೆ. ನೋಡಿದ್ದಕ್ಕೆ ಕಣ್ರೀ!

ಅದೂ ನಮ್ಮೂರ ಮಳೇಲಿ. ಬ್ಯಾಶು ಪೂರ್ತಿ ಫೈಲ್ ಬರಲಿ ಅಂತ ಕಾಯಲ್ಲ, ಬಂದಷ್ಟು ಬಂದಷ್ಟು ಓಡಿಸ್ತಾ ಹೋಗುತ್ತೆ. ಮಧ್ಯೆ ಕರೆಂಟ್ ಹೋಗಿ ಮೋಡೆಮ್ ಸತ್ರೆ, ತುಂಡಾದ ಕೊನೇ ಸಾಲನ್ನೂ ಬಿಡಲ್ಲ. ಹೋಮ್, ಅಂದ್ರೆ ನಮ್ಮ ಫೈಲೆಲ್ಲ ಇರೋ ಫೋಲ್ಡರ್, ಅದರೊಳಗಿನ ಯಾವುದೋ ಕಸ ಅಳಿಸು ಅನ್ನೋ ಸಾಲು 'ಹೋಮ್' ಅನ್ನೋ ಹೊತ್ತಿಗೆ ಕಡಿದು ಹೋದ್ರೆ ಏನು ಗತಿ? ತಿಳಿದವರು ಎಲ್ಲವನ್ನೂ ಒಂದು ಫಂಕ್ಷನ್, ಅಂದ್ರೆ ಹೆಸರು ಹಿಡಿದು ಕರೆದಾಗ ಮಾತ್ರ ಓಡೋ ಕಟ್ಟಿನ ಒಳಗಿಟ್ಟು ಕೊನೇ ಸಾಲಲ್ಲಿ ಕರೀತಾರೆ, ಆಗ ತೊಂದರೆ ಇಲ್ಲ. ಹಾಗೆ ಇಟ್ಟಿದ್ದಾರೋ ಇಲ್ವೋ ಅಂತ ತಿಳಿಯೋಕೂ ತೆಗೆದು ನೋಡ್ಬೇಕಲ್ಲ ಮಹರಾಯ.

"ಎಚ್‌ಟಿಟಿಪಿಎಸ್ ಇದೆ, ಉಬುಂಟು ಲಿನಕ್ಸಿನ ಡೆಬ್ ಪ್ಯಾಕೇಜೂ ರೂಟ್, ಅಂದ್ರೆ ಯಜಮಾನನ ಹಕ್ಕಲ್ಲೇ ಓಡುತ್ತೆ" ಅಂತ ಕೆಳಗೆ ಬರೆಯೋಕೆ ಕೂತಿರೋರು ಸ್ವಲ್ಪ ತಡೀರಿ. ಎಚ್‌ಟಿಟಿಪಿಎಸ್ ದಾರಿ ಕಾಯುತ್ತೆ ಅಷ್ಟೇ. ಹೊರಟ ಕಡೇಲೇ ವಿಷ ಬೆರೆತಿದ್ರೆ ಅದನ್ನೂ ಜೋಪಾನವಾಗಿ ಮನೆಗೆ ಮುಟ್ಟಿಸುತ್ತೆ. ಉಬುಂಟು ರೆಪಾಸಿಟರಿಗೆ, ಅಂದ್ರೆ ಅವರ ಪ್ಯಾಕೇಜ್ ಭಂಡಾರಕ್ಕೆ, ಡಿಜಿಟಲ್ ಸಹಿ ಇರುತ್ತೆ. ಇದಕ್ಕೇನಿದೆ?

ಅಳಿಯನಿಗೆ ಬೈದು, ಈಗಲಾದ್ರೂ ಇಳಿಸಿ ಓದು ಅಂತ ಪಕ್ಕದಲ್ಲೇ ಕೂತೆ. ನಾನ್ನೂರು ಸಾಲು. ನೂರಕ್ಕೆ ಅವನು ಆಕಳಿಸಿದ. ಇನ್ನೂರಕ್ಕೆ ನಾನೂ ಓದೋದು ಬಿಟ್ಟು ಸ್ಪೇಸ್‌ಬಾರ್ ಒತ್ತಿ ಒತ್ತಿ ತಳ ಮುಟ್ಟಿದೆ. "ಮುಗೀತಾ ಮಾಮ?" ಅಂದ. ಹೂಂ ಅಂದೆ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ಅಣಬೆ ಸಾರು. ಯಾವ ಅಣಬೆ ಅಂತಾನೂ ಕೇಳದೆ ಎರಡು ಸಲ ಹಾಕಿಸ್ಕೊಂಡೆ.